ತಂಗಿ ಕೇಳಿದ ಮಾತು

ಹೃದಯ ವಿಭಾಗದ ಹೊರಗೆ ನನ್ನ ಪಕ್ಕದಲ್ಲಿ ಅಕ್ಕ-ತಂಗಿ ಕೂತಿದ್ದರು. ಅಕ್ಕ ಪ್ಲಾಸ್ಟಿಕ್ ಕೊಳವೆಯೊಂದನ್ನು ಬಾಯಿಗಿಟ್ಟು ಕಷ್ಟಪಟ್ಟು ಉಸಿರೆಳೆಯುತ್ತಿದ್ದಳು.

“ಸುಸ್ತಾದ್ರೆ ಬಿಡಕ್ಕ.”

“ಬಿಟ್ರೆ ಹೇಗೆ? ಉಸಿರಿನ ಸ್ನಾಯು ಗಟ್ಟಿಯಾದ್ರೆ ಹೃದಯಕ್ಕೆ ಭಾರ ಕಡಿಮೆ ಅಂದಿದ್ದಾರೆ ಡಾಕ್ಟ್ರು.”

“ಕ್ಯಾನ್ಸರ್ ವಾಸಿ ಮಾಡಿದ ಔಷಧೀನೇ ಹೃದಯ ಕೆಡಿಸ್ತಲ್ಲ. ಮೊದಲೇ ಗೊತ್ತಿದ್ರೆ ತಗೋತಿದ್ಯಾ?”

“ತಗೋತಿದ್ದೆ ಕಣೇ. ಮೆಟ್ಟಿಲು ಹತ್ತೋಕಾಗಲ್ಲ ನಿಜ, ಮಗಳ ತಲೆ ಬಾಚೋಕಾಗುತ್ತಲ್ಲ. ಯಾಕೆ ಕೇಳ್ತಿದ್ದೀಯ?”

ತಂಗಿ ನೆಲ ನೋಡಿದಳು. “ನನ್ನ ಎದೇಲೂ ಅದೇ ಗಂಟು, ಅಕ್ಕ. ಸೋಮವಾರದಿಂದ ಅದೇ ಔಷಧಿ ಶುರು.”

ಅಷ್ಟರಲ್ಲಿ ಒಳಗಿಂದ ನರ್ಸ್ ಕರೆದಳು. ಅಕ್ಕ ತಂಗಿಯ ರಟ್ಟೆ ಹಿಡಿದು ಎದ್ದಳು.

“ನೀನೂ ಒಳಗೆ ಬಾ. ಔಷಧಿ ಶುರುವಾಗೋ ಮುಂಚೆ ನಿನ್ನ ಹೃದಯಾನೂ ನೋಡ್ಲಿ.”

ಇಬ್ಬರ ಹಿಂದೆ ಬಾಗಿಲು ಮುಚ್ಚಿತು.