ಡೈರಿ ಕಂಪ್ಯೂಟರಿಗೆ ಪಾಟೀ ಸವಾಲು

ಹಾಲಿನ ಸಂಘದ ಅಧ್ಯಕ್ಷರಾದ ಪುಟ್ಟಮಲ್ಲಪ್ಪನವರೇ, ಕಾರ್ಯದರ್ಶಿ ಚಾಮಯ್ಯನವರೇ, ಪಿರಿಯಾಪಟ್ಟಣದಿಂದ ಬಂದಿರುವ ಅತಿಥಿಗಳೇ, ಈ ಎರಡು ಸಾವಿರದ ನಾಲ್ಕನೇ ಇಸವಿಯ ಮಹಾಸಭೆಗೆ ಸೆಗಣಿ ಕೈ ತೊಳೆದು ನೇರ ಕೊಟ್ಟಿಗೆಯಿಂದಲೇ ಬಂದಿರುವ ನನ್ನ ಸಭಿಕರೇ!

ಮೈಕು ಬೇಡ ಎಂದೆ. ಪೌರಾಣಿಕ ನಾಟಕಗಳಲ್ಲಿ ರಾಕ್ಷಸನಾಗಿ ಗರ್ಜಿಸಿದ ಗಂಟಲಿದು. ಬೆಟ್ಟದಪುರದ ಬೆಟ್ಟಕ್ಕೂ ಕೇಳಲಿ!

ನಮ್ಮ ಡೈರಿಗೆ ಕಂಪ್ಯೂಟರ್ ಬಂದಾಗ ಆರತಿ ಎತ್ತಿದವರು ನಾವೇ ಅಲ್ಲವೇ? ಅದರ ಯಂತ್ರ ಕೊಳವೆಯಲ್ಲಿ ಗುಟುಕು ಹಾಲು ಹೀರುತ್ತದೆ. ಕೊಬ್ಬೆಷ್ಟು, ನೀರೆಷ್ಟು ಎಂದು ಅಂಕಿ ತೋರಿಸುತ್ತದೆ. ಯಾರಿಗೆ ತೋರಿಸುತ್ತದೆ? ಕಾರ್ಯದರ್ಶಿಗಳಿಗೆ! ಸಾಲಿನಲ್ಲಿ ನಿಂತ ನಮಗೆ ಕಂಡದ್ದು ಅದರ ಬೆನ್ನು ಮಾತ್ರ.

ಆ ಬೆನ್ನು ಒಂದು ದಿನ, ಚಿಕ್ಕಸಿದ್ದಮ್ಮನವರ ಹಾಲಿನಲ್ಲಿ ನೀರಿದೆ ಎಂದಿತು. ಮರುದಿನವೂ ಎಂದಿತು. ಹೊಗೆಸೊಪ್ಪು ಪೋಣಿಸುವ ಕೂಲಿಗೆ ಓಡಬೇಕೆಂದು ದಿನಾ ಎಲ್ಲರಿಗಿಂತ ಮೊದಲು ಹಾಲು ತರುವ ಹೆಂಗಸು. ಇನ್ನೊಮ್ಮೆ ಹೀಗಾದರೆ ನಿಮ್ಮ ಹಾಲೇ ಬೇಡ ಎಂದರು ಡೈರಿಯವರು. ಆಕೆಯ ಮನೆಯ ಮಜ್ಜಿಗೆಯನ್ನು ನೆರೆಯವರು ಮುಟ್ಟದಾದರು. ಆಕೆಯ ಗಂಡ ಕುಳ್ಳಯ್ಯ ನನ್ನ ನಾಟಕಗಳಿಗೆ ಹಾರ್ಮೋನಿಯಂ ನುಡಿಸುತ್ತಿದ್ದ. ಅವನು ತೀರಿಹೋದ ಮೇಲೆ ನಾನು ಗದೆ ಕೆಳಗಿಟ್ಟೆ, ಮತ್ತೆ ಬಣ್ಣ ಹಚ್ಚಲಿಲ್ಲ. ಇರಲಿ, ಅದು ಇಲ್ಲಿನ ವಿಷಯವಲ್ಲ.

ಮೂರನೆಯ ಬೆಳಗ್ಗೆಯೂ ಸಾಲಿನಲ್ಲಿ ಮೊದಲು ಆಕೆಯೇ ಬಂದರು. ಹೇಗೆ ಬಂದರು? ಹಸುವನ್ನೇ ಹೊಡೆದುಕೊಂಡು ಬಂದರು! ಡೈರಿ ಮೆಟ್ಟಿಲ ಮುಂದೆ ಕಟ್ಟಿ, ಎಲ್ಲರೆದುರು ಹಾಲು ಕರೆದು, ನೊರೆ ಆರುವ ಮೊದಲೇ ಯಂತ್ರಕ್ಕೆ ಕೊಟ್ಟರು. ಯಂತ್ರ ಏನೆಂದಿತು? ನೀರಿದೆ!

"ಕಂಪ್ಯೂಟ್ರು ಸುಳ್ಳೇಳಲ್ಲ ಕಣಮ್ಮ," ಎಂದರು ಚಾಮಯ್ಯನವರು.

"ಅಂಗಾರೆ ನೀರು ಬೆರ್ಸಿದ್ದು ನನ್ನ ಅಸ ಏನಣ್ಣ? ಇಲ್ಲೇ ನಿಂತದೆ, ಕೇಳಿ! ಇದೇ ಆಲ ಇನ್ನೊಂದ್ಸಲ ಕುಡ್ಸಿ, ನೋಡವ."

ಕುಡಿಸಿದರು. ಅದೇ ಹಾಲು, ಅದೇ ಯಂತ್ರ. ಈ ಸಲ ಹನಿ ನೀರಿಲ್ಲ! ಹಿಂದಿನ ಸಂಜೆ ಕೊಳವೆ ತೊಳೆದ ನೀರು ಒಳಗೇ ಉಳಿದು, ಬೆಳಗ್ಗೆ ಮೊದಲು ಬಂದವರ ಹಾಲಿಗೆ ಸೇರುತ್ತಿತ್ತು ಸ್ವಾಮಿ!

ಯಂತ್ರ ಬೇಡ ಎನ್ನುವವನಲ್ಲ ನಾನು. ಅಳೆಯುವವನು ಲೀಟರ್ ಪಾತ್ರೆಯನ್ನು ತುಂಬಿ ತುಳುಕಿಸಿ ಒಂದೇ ಲೀಟರೆಂದು ಬರೆಯುತ್ತಿದ್ದ ಕಾಲವನ್ನೂ ನೋಡಿದ್ದೇವೆ. ಆದರೆ ಮನುಷ್ಯರನ್ನು ಕಳ್ಳರೆನ್ನುವ ಯಂತ್ರ ಅವರ ಮುಖ ನೋಡಿ ಹೇಳಬೇಡವೇ? ಇನ್ನೊಮ್ಮೆ ನೋಡು ಎಂದರೆ ನೋಡಬೇಡವೇ?

ಈಗ ತಾನೇ ಆಕೆಗೆ ಶಾಲು ಹೊದಿಸಲು ಹೋದೆವು. "ಸಾಲು ನಂಗ್ಯಾಕಣ್ಣ? ಆ ಕಂಪ್ಯೂಟ್ರು ಮೊಕವ ನಮ್ ಕಡೀಕೆ ತಿರುಗ್ಸಿ," ಎಂದರು.

ಆದ್ದರಿಂದ ಠರಾವು ಇಷ್ಟೇ: ಅಂಕಿ ಸಾಲಿನವರಿಗೆ ಕಾಣಬೇಕು, ಇನ್ನೊಮ್ಮೆ ನೋಡಿ ಎಂದವರ ಹಾಲನ್ನು ಅವರೆದುರೇ ಮತ್ತೆ ಪರೀಕ್ಷಿಸಬೇಕು. ಒಪ್ಪುವವರು ಕೈ ಎತ್ತಿ! ಹೆಂಗಸರೆಲ್ಲ ಎತ್ತಿದ್ದೀರಿ. ಗಂಡಸರೇ, ಮನೆಯಲ್ಲಿ ಹಾಲು ಕರೆಯುವವರು ಯಾರೆಂದು ನೆನೆದು ಎತ್ತಿ! ಹಾಂ, ಹಾಗೆ! ಚಾಮಯ್ಯನವರೇ, ನಿಮ್ಮ ಕೈ?

ಇದೇನು, ಎದ್ದು ಎಲ್ಲಿಗೆ ಹೊರಟಿರಿ?

ಡೈರಿಯ ಬೀಗ ತೆಗೆಯುತ್ತಿದ್ದಾರೆ! ಸಭಿಕರೇ, ನನ್ನ ಮಾತು ಸಾಕು. ಯಂತ್ರ ಭಾರ ಇದೆ, ತಿರುಗಿಸಲು ಇಬ್ಬರು ಹೋಗಿ ಅವರೊಂದಿಗೆ ಕೈ ಜೋಡಿಸಿ. ಕೇಳಿದ ನಿಮಗೆಲ್ಲ ವಂದನೆ. ನಮಸ್ಕಾರ.