ಕಳಿಸದೆ ಉಳಿದ ರಾಗ

"ಹಲೋ... ಯಾರು ಮಾತಾಡ್ತಿರೋದು? ಗುನ್ವೋರಕ್ಕನಾ? ಹಾಂ, ನಾನೇ, ಹಾಲ್ವರ್. ಚರ್ಚಿಗೆ ಹೊರಟಿದ್ದೆ, ಕೋಲು ಕೈಯಲ್ಲೇ ಇದೆ."

...

"ಏನು, ಪಾದ್ರಿಗೆ ಬಂದಿರೋ ಮೇಲ್‌ನಲ್ಲಿ ರಾಗನೇ ಇಲ್ವಾ? ನಿಮ್ಮ ತಮ್ಮಂದು ಯಾವಾಗ್ಲೂ ಇದೇ ಕಥೆ. ಲಗತ್ತಿಸಿದ್ದೀನಿ ಅಂತ ಬರೀತಾನೆ, ಲಗತ್ತಿಸೋದೇ ಮರೀತಾನೆ."

ಹಾಲ್ವರ್ ಕೋಲನ್ನು ಗೋಡೆಗೊರಗಿಸಿ ಕುಳಿತ. ಅವನೂ ಗುನ್ವೋರಳ ತಮ್ಮ ಸಿವೆರ್ಟನೂ ಅಂಧರ ಶಾಲೆಯಿಂದಲೂ ಜೊತೆಗಾರರು. ಇಂದು ಮಧ್ಯಾಹ್ನ ಸಿವೆರ್ಟನ ಮಣ್ಣು. ಆಗ ಕೇಳಿಸಲೆಂದು, ಕಾಯಿಲೆ ಬಿದ್ದ ಮೇಲೆ, ಅಕಾರ್ಡಿಯನ್ನಿನಲ್ಲಿ ತಾನೇ ಒಂದು ರಾಗ ನುಡಿಸಿ ರೆಕಾರ್ಡ್ ಮಾಡಿ ಇಟ್ಟಿದ್ದ.

...

"ಅವನ ಕಂಪ್ಯೂಟರ್ ಪರದೆ ಕಪ್ಪಗಿದ್ಯಾ? ಅದು ಕೆಟ್ಟು ಎಷ್ಟೋ ವರ್ಷ ಆಯ್ತಕ್ಕ. ಅವನಿಗ್ಯಾಕೆ ಬೇಕಿತ್ತು ಪರದೆ? ಮೌಸ್ ಬಿಡಿ. ಫೋನನ್ನ ಕಂಪ್ಯೂಟರ್ ಹತ್ರ ಹಿಡೀರಿ. ಅದು ಎಲ್ಲಾನೂ ಗಟ್ಟಿಯಾಗಿ ಓದುತ್ತೆ, ಕೇಳಿ ನಾನು ಹೇಳ್ತೀನಿ, ನೀವು ಕೀ ಒತ್ತಿ."

...

"ಹಾಂ, ಒಂದಕ್ಷರಾನೂ ತಿಳಿಯಲ್ಲ, ಅಲ್ವಾ? ಅವನು ಇಟ್ಕೊಂಡಿದ್ದ ವೇಗ ಅದು. ನನಗೆ ತಿಳಿಯುತ್ತೆ. ಕೆಳಗಿನ ಬಾಣ ಒತ್ತಿ... ಇನ್ನೊಂದ್ಸಲ... ಸಾಕು, 'ಕರಡುಗಳು' ಅಂತು. ಎಂಟರ್."

ಕರಡಿನಲ್ಲಿ ಇದ್ದದ್ದು ಒಂದೇ ಮೇಲ್, ಅದೂ ಹಾಲ್ವರ್‌ನ ಹೆಸರಿಗೆ. ಅವನು ಫೋನನ್ನು ಕಿವಿಗೆ ಒತ್ತಿ ಹಿಡಿದ.

...

"ಇದ್ದೀನಕ್ಕ, ಇದ್ದೀನಿ. ನನಗೇ ಬರೆದು, ಕಳಿಸದೆ ಬಿಟ್ಟಿದ್ದಾನೆ. 'ಲಗತ್ತು ಒಂದು' ಅಂತಿದೆ. ರಾಗ ಸಿಕ್ತು. ಎಂಟರ್ ಒತ್ತಿ, ತೆಗೀರಿ."

...

"ಏನು ಬರೆದಿದ್ದಾನಾ? 'ಕೇಳಿ ಹೇಳೋ, ಕೊನೇಲಿ ನಾನು ಮತ್ತೆ ಅವಸರ ಮಾಡಿದ್ನಾ?' ಅಂತ. ನುಡಿಸುವಾಗೆಲ್ಲ ಅದಕ್ಕೇ ಬೈತಿದ್ದೆ ಅವನಿಗೆ."

...

"ಸರಿ, ಶಿಫ್ಟ್ ಹಿಡ್ಕೊಂಡು ಟ್ಯಾಬ್ ಒತ್ತಿ. ನನ್ನ ವಿಳಾಸ ಓದೋವರೆಗೆ... ಹಾಂ, ಅಲ್ಲೇ. ಅಳಿಸಬೇಡಿ, ನನ್ನ ಹೆಸರು ಇರಲಿ. ಪಕ್ಕದಲ್ಲಿ ಪಾದ್ರೀದು ಸೇರಿಸಿ. ಆಮೇಲೆ ಆಲ್ಟ್ ಹಿಡ್ಕೊಂಡು ಎಸ್, ಮೇಲ್ ಹೋಗುತ್ತೆ. ಒತ್ತಿದ್ರಾ?"

...

ಹಾಲ್ವರ್‌ನ ಮೇಜಿನ ಮೇಲಿದ್ದ ಕಂಪ್ಯೂಟರ್ ನುಡಿಯಿತು: ಸಿವೆರ್ಟನಿಂದ ಹೊಸ ಮೇಲ್, ಲಗತ್ತು ಒಂದು. ಅವನು ಟ್ಯಾಬ್ ಒತ್ತುತ್ತ ಲಗತ್ತಿನವರೆಗೆ ಹೋಗಿ ಎಂಟರ್ ಒತ್ತಿದ. ಕೋಣೆಯಲ್ಲಿ ಅಕಾರ್ಡಿಯನ್ ಉಸಿರೆಳೆದುಕೊಂಡಿತು.

"ಅಕ್ಕಾ, ಕೇಳಿಸ್ತಿದ್ಯಾ?"

...

"ಅತ್ತುಬಿಡಿ, ಪರವಾಗಿಲ್ಲ. ನನಗೂ ತಡ್ಕೊಳ್ಳೋಕೆ ಆಗ್ತಿಲ್ಲ."

ರಾಗ ಕೊನೆಯ ತಿರುವಿಗೆ ಬಂತು. ಹಾಲ್ವರ್ ಅಲುಗಾಡದೆ ಕೇಳಿದ. ಗುನ್ವೋರ್ ಫೋನಿನಲ್ಲಿ ಏನೋ ಕೇಳಿದಳು, ಅದು ಅವನ ಕಿವಿಗೆ ಬೀಳಲಿಲ್ಲ.

"ಇಲ್ಲ ಮಾರಾಯ," ಎಂದ, ಮೇಜಿನ ಕಡೆ ತಿರುಗಿ. "ಈ ಸಲ ಅವಸರ ಮಾಡಿಲ್ಲ ನೀನು. ಕೊನೇವರೆಗೂ ನಿಧಾನವಾಗಿ..."

ಅಷ್ಟರಲ್ಲಿ ಲೈನ್ ಕಟ್ಟಾಯಿತು.