ಬಿದ್ದೋನ್ನ ಎತ್ತಿ ಸೋತಿದ್ದು

…ಇಲ್ಲಲೇ, ಈ ಕಿವಿ ಹುಟ್ಟಿದಾಗಿಂದ ಹಿಂಗಿದ್ದಿಲ್ಲ. ಅಜ್ಜಿ ತಿರುವಿದ್ದು ಅಂತ ಹೇಳ್ಕಂತ ಅಡ್ಡಾಡ್ತೀರಂತಲ್ಲ, ಆಕಿ ಕೇಳಿದ್ರ ನಿಮ್ಮವೂ ತಿರುವ್ತಾಳ. ಇದು ಗರಡಿ ಮನಿ ಕಿವಿ, ಮಣ್ಣಾಗ ತಿಕ್ಕಿ ತಿಕ್ಕಿ ಹಪ್ಪಳದಂಗ ಆಗೇತಿ. ಆಗ ನಾನು ತೆಲಿಗ್ಯಾಗ ಹೊಲದ ಕೂಲಿಗೆ ಹೋಗ್ತಿದ್ನಿ, ತೊಂಬತ್ತರ ಆಸುಪಾಸು, ಅಲ್ಲ ತಡಿ, ನಿಮ್ಮಪ್ಪ ಹೊಟ್ಟ್ಯಾಗಿದ್ದ ಅಂದ್ರ ಇನ್ನೆರಡು ವರ್ಷ ಈಚಿಗೆ. ಪಂಪ್‌ಸೆಟ್ ರಿಪೇರಿ ಇಮಾಮ್‌ಸಾಬ್ ನಮಗ ಕುಸ್ತಿ ಕಲಿಸೋ ಉಸ್ತಾದ. ಮನ್ಯಾಗ ಒಂದೇ ಎಮ್ಮಿ ನೋಡು. ಅದರ ಹಾಲು ಪೈಲ್ವಾನ್ರಿಗೆ, ಅಂದ್ರ ನನಗ. ಬಸುರಿ ಇದ್ದ ನಿಮ್ಮಜ್ಜಿಗೆ ಕರಿ ಚಾ. ಈಗ ಹೇಳಾಕ ನಾಚಿಕಿ ಬರ್ತೈತಿ, ಆಗ ಬರ್ಲಿಲ್ಲ. ಒಂದಿನ ಆಕಿ ಚೊಂಬು ತಂದಿಟ್ಟು, "ಎಮ್ಮಿ ನಿಮ್ಮನ್ನ ತನ್ನ ಕರಾ ಅಂತ ತಿಳ್ಕಂಡೈತ್ರಿ," ಅಂದ್ಲು. ನಗ್ಕಂತ ಕುಡದ್ನಿ.

ಅಂಥಾದ್ರಾಗ ಹಡಗಲಿ ಕಡಿ ಒಬ್ಬರು ಪೀಟಿ ಮಾಸ್ತರು ಬಂದ್ರು. ಆಟದಾಗ ಗೆದ್ದೋರಿಗೆ ಒಂದು ಕಾರ್ಖಾನ್ಯಾಗ ಕಾಯಂ ಕೆಲಸ ಐತಿ, ಆದ್ರ ಕುಸ್ತಿ ಜಾಗ ಭರ್ತಿ ಆಗ್ಯಾವ, ಬಾಕ್ಸಿಂಗಿಗೆ ನಿಮ್ಮಂಥ ಭಾರದೋರು ಬೇಕು ಅಂದ್ರು. ಬಾಕ್ಸಿಂಗ್ ಅಂದ್ರ ಏನಂತ ಯಾರಿಗೆ ಗೊತ್ತು? ಕೂಸು ಬರೋದೈತಿ, ಹೂಂ ಅಂದ್ನಿ. ಬೇವಿನ ಮರಕ್ಕ ಹೊಟ್ಟು ತುಂಬಿದ ಚೀಲ ಕಟ್ಟಿ ಗುದ್ದಾಕ ಹತ್ತಿದ್ನಿ. ಎರಡು ಗುದ್ದು ಗುದ್ದೋದು, ಕೈ ತಾನೇ ಹೋಗಿ ಚೀಲ ತಬ್ಕಳೋದು. ಕುಸ್ತಿ ರೂಢಿ ಅಲ್ಲೇನು? ಅಜ್ಜಿ ಕಟ್ಟಿಮ್ಯಾಲ ಸೌಟು ಹಿಡ್ಕಂಡು ಕುಂತಿರ್ತಿದ್ಲು, ನಾ ತಬ್ಬಿದಾಗೊಮ್ಮೆ ಬೆನ್ನಿಗೊಂದು ಬಿಡ್ತಿದ್ಲು. ನನಗ ಬಾಕ್ಸಿಂಗ್ ಕಲಿಸಿದಾಕಿ ಆಕೀನ.

ಹಗರಿಬೊಮ್ಮನಹಳ್ಳ್ಯಾಗ ಪಂದ್ಯ. ನನ್ನ ಎದುರಿನೋನು ಹಂಪಸಾಗರದೋನು, ತೂಕ ನನ್ನಷ್ಟ, ಎತ್ತರ ಒಂದು ಗೇಣು ಜಾಸ್ತಿ, ಹೊಳಿ ಮೀನಿನಂಗ ಜಾರ್ತಿದ್ದ. ಮೊದಲನೇ ಸುತ್ತಿನಾಗ ಬರೇ ಗಾಳಿಗೆ ಗುದ್ದಿದ್ನಿ. ಎರಡನೇದ್ರಾಗ ಒಂದು ಸರಿ ಬಿತ್ತು ನೋಡು ದವಡಿಗೆ, ಆತ ಮಕಾಡಿ ಬಿದ್ದ. ಬಿದ್ದೋನ್ನ ಗೆದ್ದೋನು ಎಬ್ಬಿಸಬೇಕು, ಅದು ಉಸ್ತಾದ ಕಲಿಸಿದ ಮೊದಲನೇ ಪಾಠ. ಹೋದ್ನಿ, ಬಗಲಾಗ ಕೈ ಹಾಕಿ ಎತ್ತಿದ್ನಿ, ಬೆನ್ನು ಜಾಡಿಸಿದ್ನಿ. ಜಾಡಿಸಾಕ ಅಲ್ಲಿ ಮಣ್ಣೆಲ್ಲಿಂದ ಬರಬೇಕು? ಆಟ ನಡಸೋ ಪಂಚರು ಮೂಲಿಗೆ ಹೋಗು ಅಂತ ನನ್ನ ದಬ್ಬಾಕತ್ಯಾರ. ಹತ್ತು ಎಣಿಸೋದ್ರಾಗ ಬಿದ್ದೋನು ಏಳ್ಲಿಲ್ಲಂದ್ರ ನಾ ಗೆದ್ದಂಗ, ಆದ್ರ ನಾ ಮೂಲಿಗೆ ಹೋಗಾಮಟ ಅವರು ಎಣಿಸಂಗಿಲ್ಲಂತ. ಅಷ್ಟ್ರಾಗ ಆತ ಸುಧಾರಿಸ್ಕಂಡ. ಆಮ್ಯಾಲೆ ನನ್ನ ಮೂಗು ಮುರುದ, ಪಂದ್ಯಾನೂ ಗೆದ್ದ. ಮುಗುದ ಮ್ಯಾಲ ಬಂದು ಕೈ ಹಿಡ್ಕಂಡು, "ಅಣ್ಣಾ, ಯಾಕ ಎತ್ತಿದ್ರಿ?" ಅಂದ.

ಬಸ್ಸಿನಾಗ ತೆಲಿಗಿ ಮಟ ಟವಲು ಮುಚ್ಕಂಡು ಬಂದ್ನಿ. ಮಂದಿ ಹಲ್ಲುಬ್ಯಾನಿ ಅಂದ್ಕಂಡ್ರು. ಕೆಲಸ ಹೋತು, ಕೂಸಿಗೆ ಏನಂತ ಮುಖ ತೋರ್ಸಲಿ ಅನ್ನೋದೊಂದ ಚಿಂತಿ. ಇಮಾಮ್‌ಸಾಬ್ ಬೈತಾನ ಅಂದ್ಕಂಡ್ರ ಆತ ಮೂಗು ನೋಡಿ, "ತಪ್ಪು ನಂದಪ್ಪ, ಕಲಿಸಿದ್ದು ನಾನ," ಅಂದು ಕಣ್ಣು ಒರೆಸ್ಕಂಡ. ಅಜ್ಜಿ ಹಾಲು ತಂದಿಟ್ಲು. ಅವತ್ತು ಚೊಂಬನ್ನ ಆಕಿ ಮುಂದ ತಳ್ಳಿದ್ನಿ. "ಮೂಗಿಗೆ ಬಿದ್ದ ಮ್ಯಾಲ ನಿಮ್ಮ ಕಣ್ಣಿಗೆ ನಾನು ಕಂಡ್ನಿ," ಅಂದು ಪೂರ್ತಿ ಕುಡುದ್ಲು, ನನಗ ಒಂದು ಗುಟುಕೂ ಬಿಡ್ಲಿಲ್ಲ.

ನಿಮ್ಮಪ್ಪ ಹುಟ್ಟಿ ಮೂರು ತಿಂಗಳಿಗೆ ಆ ಪೀಟಿ ಮಾಸ್ತರೇ ಹೇಳಿ ಕಳಿಸಿದ್ರು. ಹಡಗಲಿ ಹಾಸ್ಟೆಲಿಗೆ ಕಾವಲಿನೋನು ಬೇಕಿತ್ತಂತ, ಹಿಂದಿದ್ದೋನು ಹುಡುಗ್ರನ್ನ ಹೊಡಿತಿದ್ನಂತ. ಅವತ್ತು ಪಂದ್ಯದಾಗ ಬಿದ್ದೋನ್ನ ಎತ್ತಿದ್ದು ನೋಡಿದ್ದಕ್ಕ ನೀವು ನೆನಪಾದ್ರಿ ಅಂದ್ರು. ಕೈ ಕಾಲು ಗಟ್ಟಿ ಇರಾಮಟ ಅದನ್ನ ಮಾಡಿದ್ನಿ. ಅದಕ್ಕ ಹೇಳ್ತೀನಿ ಕೇಳ್ರಿ, ಬಿದ್ದೋರನ್ನ ಎತ್ರಿ, ಬ್ಯಾಡ ಅನ್ನಂಗಿಲ್ಲ. ಆದ್ರ ಪಂದ್ಯ ಮುಗುದು ಗಂಟಿ ಹೊಡಿಯಾಮಟ ತಡೀರಿ. ಏಳ್ರಿ, ಅಜ್ಜಿ ಕರಿಯಾಕತ್ಯಾಳ.